ಹೊಲದ ಮ್ಯಾಲ ಟವರ್ ಲೈನ್ ಬಂದ್ರ ಸಹಿ ಮಾಡೂಕಿಂತ ಮೊದ್ಲ ಲೆಕ್ಕ ಹಾಕ್ರಿ

ನಮ್ಮ ಗದಗ ಕಡೆ ಕಪ್ಪತಗುಡ್ಡದ ಸುತ್ತ ಗಾಳಿ ಫ್ಯಾನ್ ಏನ್ ಹೊಸಾದಲ್ಲ, ಆದ್ರ ಈಗ ಫ್ಯಾನಿಗಿಂತ ಹೆಚ್ಚಿನ ತಲಿಬ್ಯಾನಿ ಅಂದ್ರ ಅದ್ರ ಕರೆಂಟ್ ಒಯ್ಯೋ ಟವರ್ ಲೈನು. ಎರಡನ್ನೂ ಒಂದ ಅಂತ ತಿಳೀಬ್ಯಾಡ್ರಿ. ಫ್ಯಾನಿಗೆ ಜಾಗ ಕೊಡೂದು ಬಿಡೂದು ನಿಮ್ಮ ಖುಷಿ, ಲೀಸೋ ಖರೀದಿನೋ ನೀವು ಒಪ್ಪಿದ್ರಷ್ಟ. ಲೈನ್ ಹಂಗಲ್ಲ. 2003ರ ವಿದ್ಯುತ್ ಕಾಯ್ದೆ 164ನೇ ಕಲಂ ಪ್ರಕಾರ ಸರ್ಕಾರ ಕಂಪನಿಗೆ ಟೆಲಿಗ್ರಾಫ್ ಕಾಯ್ದೆದ (1885ರದ್ದು, ಬ್ರಿಟಿಷರ ಕಾಲದ್ದು ಇನ್ನೂ ನಡದೈತಿ ನೋಡ್ರಿ) ಅಧಿಕಾರ ಕೊಟ್ಟಿದ್ರ ನೀವು ಒಲ್ಲೆ ಅಂದ್ರೂ ಲೈನ್ ಹೋಗ್ತದ. ಭೂಮಿ ನಿಮ್ಮ ಹೆಸರಲ್ಲೇ ಉಳೀತದ, ಪರಿಹಾರ ಕೊಡ್ಲೇಬೇಕು. ಅದಕ್ಕ ಬಂದವ್ರಿಗೆ ಚಾ ಕೊಡೂಕಿಂತ ಮೊದ್ಲ ಆ ಆದೇಶದ ಕಾಪಿ ಕೇಳ್ರಿ, ಎಷ್ಟು ಕೆವಿ (ಕಿಲೋವೋಲ್ಟ್) ಲೈನು, ನಿಮ್ಮ ಸರ್ವೆ ನಂಬರಿನಾಗ ಎಲ್ಲಿ ಹಾಯ್ತದ ಅನ್ನೋ ನಕ್ಷೆನೂ ಇಸ್ಕೋರಿ.

ಈಗ ರೊಕ್ಕದ ಮಾತು. ನಮ್ಮ ಕಾಕಾ ಬರೇ ಟವರ್ ಕಾಲಿನ ಜಾಗಕ್ಕ ಎಷ್ಟು ಅಂತ ಕೇಳಿ ಸಹಿ ಹಾಕಿಬಿಟ್ಟ, ಖರೆ ರೊಕ್ಕ ಇರೂದು ತಂತಿ ಕೆಳಗ. ಕೇಂದ್ರ ಇಂಧನ ಸಚಿವಾಲಯದ ಜೂನ್ 2024ರ ಮಾರ್ಗಸೂಚಿ ಪ್ರಕಾರ ಟವರಿನ ನಾಲ್ಕೂ ಕಾಲಿನ ನಡುವಿನ ಜಾಗ, ಸುತ್ತ ಒಂದೊಂದು ಮೀಟರ್ ಸೇರಿಸಿ, ಅದಕ್ಕ ಭೂಮಿ ಬೆಲೆದ 200 ಪರ್ಸೆಂಟ್, ತಂತಿ ಕೆಳಗಿನ ಕಾರಿಡಾರಿಗೆ, ಅಂದ್ರ ಲೈನ್ ಉದ್ದಕ್ಕೂ ಹೋಗೋ ಪಟ್ಟಿ ಜಾಗಕ್ಕ, 30 ಪರ್ಸೆಂಟ್. 2015ರಾಗ ಇದು 85 ಮತ್ತ 15 ಇತ್ತು. 220 ಕೆವಿ ಲೈನಿಗೆ ಕಾರಿಡಾರ್ 35 ಮೀಟರ್ ಅಗಲ ಹಿಡೀರಿ. ನಿಮ್ಮ ಹೊಲದಾಗ ಲೈನ್ 100 ಮೀಟರ್ ಹೋದ್ರ 3500 ಚದರ ಮೀಟರ್, ಅಂದ್ರ ಹತ್ತತ್ರ 35 ಗುಂಟೆ! ಎಕರೆಗೆ 20 ಲಕ್ಷ ಅಂತ ಇಟ್ಕೊಂಡ್ರ, 10 ಮೀಟರ್ ಚೌಕದ ಟವರಿಗೆ (ಸುತ್ತಿನ ಮೀಟರ್ ಸೇರಿ 12 ಮೀಟರ್ ಚೌಕ) 1.4 ಲಕ್ಷ ಬಂದ್ರ ಕಾರಿಡಾರಿಗೆ ಸುಮಾರು 5 ಲಕ್ಷ ಬರ್ತದ. ಟವರ್ ಇಲ್ದ ಬರೇ ತಂತಿ ಹಾದುಹೋದ ಬಾಜೂ ಹೊಲದವ್ರಿಗೂ ಇದು ಅನ್ವಯ, ಅವ್ರಿಗೆ ಯಾರೂ ಹೇಳಂಗಿಲ್ಲ. ಬೆಳಿ, ಗಿಡದ ಪರಿಹಾರ ಬ್ಯಾರೆ. ಕೇಂದ್ರದ್ದು ಮಾರ್ಗಸೂಚಿ ಅಷ್ಟ, ರಾಜ್ಯದ ಆದೇಶ ಏನೈತಿ, ಯಾವ ಬೆಲೆ ಹಿಡದಾರ ಅನ್ನೂದನ್ನ ಡಿಸಿ ಆಫೀಸಿನಾಗ ಕೇಳಿ ಬರ್ರಿ.

ಫ್ಯಾನಿನಿಂದ ಸಬ್‌ಸ್ಟೇಷನ್ ತನಕ ಬರೋ 33 ಕೆವಿ ಕಂಬದ ಲೈನಿಗೆ ಈ ಲೆಕ್ಕ ಇಲ್ಲ, ಇದು 66 ಕೆವಿ ಮತ್ತ ಮ್ಯಾಲಿನ ಟವರ್ ಲೈನಿಗಷ್ಟ. ಹಂಗಾಗಿ ಫ್ಯಾನಿನ ಲೀಸ್ ಮಾಡೂಮುಂದ ಕಂಬ, ದಾರಿ, ಕೇಬಲ್ ಎಲ್ಲಾ ಎಲ್ಲೆಲ್ಲಿ ಹೋಗ್ತಾವ ಅಂತ ಕರಾರಿನಾಗ ಬರಸ್ರಿ.

 

ಕೆಲಸ ಚಾಲೂ ಆಗೂಕಿಂತ ಮೊದ್ಲ ಉತಾರ (ಪಹಣಿ) ನೋಡ್ಕೋರಿ, ತೀರಿಹೋದ ಅಪ್ಪನ ಹೆಸರಲ್ಲೇ ಇದ್ರ ವಾರಸಾ ಮಾಡಸ್ರಿ, ಇಲ್ಲಾಂದ್ರ ಚೆಕ್ ಅಲ್ಲೇ ಕುಂದರ್ತದ. ಕಡ್ಲಿ ಇರ್ಲಿ ಉಳ್ಳಾಗಡ್ಡಿ ಇರ್ಲಿ, ನಿಂತ ಬೆಳಿದು ತಾರೀಖು ಬರೂಹಂಗ ಫೋಟೋ ತಗೀರಿ, ಪಂಚನಾಮೆದ ಪ್ರತಿ ಇಟ್ಕೋರಿ, ಖಾಲಿ ಹಾಳಿ ಮ್ಯಾಲ ಸಹಿ ಬ್ಯಾಡ್ರಿ. ಬೋರ್ ಹಾಕ್ಸೂ ವಿಚಾರ ಇದ್ರ ಜಾಗ ಈಗ ಗುರುತಿಸ್ರಿ, ತಂತಿ ಕೆಳಗ ಬೋರ್ ಗಾಡಿ ನಿಲ್ಸಿದ್ರ ಜೀವಕ್ಕ ಅಪಾಯ. ಪರಿಹಾರ ಕಡಿಮಿ ಆತು ಅಂದ್ರ ಅದ ಟೆಲಿಗ್ರಾಫ್ ಕಾಯ್ದೆದ 16(3) ಕಲಂ ಪ್ರಕಾರ ಜಿಲ್ಲಾ ನ್ಯಾಯಾಧೀಶರ ಕಡೆ ಅರ್ಜಿ ಹಾಕಬಹುದು, ಹೋಗೂಮುಂದ ಆ ಫೋಟೋ, ಪಂಚನಾಮೆ, ನಕ್ಷೆ ಮೂರೂ ಒಯ್ರಿ.