ಕಮಿಟ್ ಆಯಿತು, ಬ್ಯಾಕಪ್ ಆಯಿತೇ?

ಅಂಗಡಿ, ಗೋದಾಮುಗಳಿಗೆ ಬಿಲ್ಲಿಂಗ್ ತಂತ್ರಾಂಶ ಬರೆದುಕೊಡುವುದು ನನ್ನ ಕಸುಬು. ಬರೆಯುವವನು ನಾನೊಬ್ಬನೇ, ಕೋಡನ್ನು ಕಾಪಾಡುವ ಹೊಣೆಯೂ ನನ್ನೊಬ್ಬನದೇ. ಎಲ್ಲ ಪ್ರಾಜೆಕ್ಟ್‌ಗಳೂ ಗಿಟ್‌ನಲ್ಲಿವೆ. ಕೋಡಿನ ಬದಲಾವಣೆಗಳ ಇತಿಹಾಸ ಇಡುವ ತಂತ್ರಾಂಶ ಅದು, ಹಾಗೆ ದಾಖಲಿಸಿದ ಒಂದೊಂದು ಹಂತವೂ ಒಂದು ಕಮಿಟ್. ಗಿಟ್ ಇದ್ದಮೇಲೆ ಬ್ಯಾಕಪ್ ಯಾಕೆ ಅನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಗಿಟ್‌ನ ಇತಿಹಾಸವೆಲ್ಲ ಇರುವುದು ಪ್ರಾಜೆಕ್ಟಿನೊಳಗೇ ಅಡಗಿರುವ ಒಂದು ಫೋಲ್ಡರಿನಲ್ಲಿ. ಡಿಸ್ಕ್ ಕೈಕೊಟ್ಟರೆ ಕೋಡೂ ಇಲ್ಲ, ಇತಿಹಾಸವೂ ಇಲ್ಲ.

ಆದರೆ ದಿನದ ಕೆಲಸದಲ್ಲಿ ಗಿಟ್ ಕೊಡುವ ಧೈರ್ಯ ದೊಡ್ಡದು. ರೀಬೇಸ್‌ನಂಥ (ಕಮಿಟ್‌ಗಳನ್ನು ಬೇರೆ ಬುಡದ ಮೇಲೆ ಮರುಜೋಡಿಸುವ) ದೊಡ್ಡ ಕೆಲಸಕ್ಕೆ ಕೈಹಾಕುವ ಮೊದಲು ಇದ್ದ ಜಾಗದಲ್ಲೇ ಒಂದು ಬ್ರಾಂಚ್ ಮಾಡಿಟ್ಟುಕೊಳ್ಳುತ್ತೇನೆ. ಬ್ರಾಂಚ್ ಅಂದರೆ ಒಂದು ಕಮಿಟ್‌ನ ಹ್ಯಾಶ್‌ಗೆ (ಗುರುತಿನ ಸಂಖ್ಯೆಗೆ) ಕೊಟ್ಟ ಹೆಸರು, ಅಷ್ಟೆ, ಜಾಗ ತಿನ್ನುವುದಿಲ್ಲ.

ಒಮ್ಮೆ ಗ್ರಾಹಕರ ಕಡೆಯ ಹುಡುಗ ಗಾಬರಿಯಿಂದ ಫೋನ್ ಮಾಡಿದ. “ಸಾರ್, ಹಾರ್ಡ್ ರಿಸೆಟ್ ಹೊಡೆದೆ, ಬೆಳಗ್ಗಿಂದ ಮಾಡಿದ್ದೆಲ್ಲ ಹೋಯ್ತು.”

“ಕಮಿಟ್ ಮಾಡಿದ್ದೆಯೇನಪ್ಪಾ?”

“ಮಾಡಿದ್ದೆ ಸಾರ್. ಒಂದು ಫೈಲ್ ಮಾತ್ರ ಆ್ಯಡ್ ಮಾಡಿ ಹಾಗೇ ಬಿಟ್ಟಿದ್ದೆ.”

ಹಾರ್ಡ್ ರಿಸೆಟ್ ಅಂದರೆ ಬ್ರಾಂಚನ್ನೂ ಫೈಲುಗಳನ್ನೂ ಹಳೆಯ ಕಮಿಟ್‌ನ ಸ್ಥಿತಿಗೆ ಒಯ್ಯುವುದು. ಕಮಿಟ್‌ಗಳು ರೀಫ್ಲಾಗ್‌ನಲ್ಲಿ, ಅಂದರೆ ಬ್ರಾಂಚ್ ಯಾವಾಗ ಯಾವ ಕಮಿಟ್‌ನಲ್ಲಿತ್ತು ಎಂದು ಗಿಟ್ ಬರೆದಿಡುವ ದಿನಚರಿಯಲ್ಲಿ, ಸಿಕ್ಕವು. ಯಾವ ಬ್ರಾಂಚ್‌ನಿಂದಲೂ ತಲುಪಲಾಗದ ಕಮಿಟ್‌ಗಳ ದಾಖಲೆಯನ್ನೂ ಗಿಟ್ ಸಾಮಾನ್ಯವಾಗಿ 30 ದಿನ ಇಟ್ಟುಕೊಂಡಿರುತ್ತದೆ. ಆ್ಯಡ್ ಮಾಡಿದ ಫೈಲಿಗೆ ಬೇರೆ ದಾರಿ ಹಿಡಿಯಬೇಕಾಯಿತು. ಆ್ಯಡ್ ಅಂದರೆ ಮುಂದಿನ ಕಮಿಟ್‌ಗೆ ಫೈಲನ್ನು ಸಿದ್ಧಮಾಡಿಡುವುದು; ಹಾಗೆ ಮಾಡಿದ ಕ್ಷಣವೇ ಫೈಲಿನ ಪ್ರತಿ ಗಿಟ್‌ನೊಳಗೆ ಹೋಗಿ ಕೂತಿರುತ್ತದೆ. ‘ಲಾಸ್ಟ್-ಫೌಂಡ್’ ಆಯ್ಕೆ ಕೊಟ್ಟು ಗಿಟ್‌ನ ಸಂಗ್ರಹವನ್ನು ಪರೀಕ್ಷಿಸುವ ‘ಗಿಟ್ ಎಫ್‌ಎಸ್‌ಸಿಕೆ’ ಕಮಾಂಡ್ ಓಡಿಸಿದರೆ ಅಂಥ ಅನಾಥ ತುಂಡುಗಳನ್ನು ಹೊರಗೆ ಹಾಕುತ್ತದೆ. ಫೈಲಿನ ಹೆಸರು ಇರುವುದಿಲ್ಲ, ಒಂದೊಂದನ್ನೇ ತೆರೆದು ಗುರುತಿಸಬೇಕು. ತೆರಿಗೆ ಲೆಕ್ಕದ ಫಂಕ್ಷನ್ ಕಂಡದ್ದೇ ಹುಡುಗ “ಇದೇ ಸಾರ್!” ಅಂದ. ಆ್ಯಡ್ ಕೂಡ ಮಾಡದೆ ಬಿಟ್ಟಿದ್ದರೆ ಗಿಟ್‌ನಿಂದ ಏನೂ ಸಿಗುತ್ತಿರಲಿಲ್ಲ.

ಇವೆಲ್ಲ ಆ ಒಂದು ಯಂತ್ರದ ಒಳಗಿನ ಕಥೆ. ರೀಫ್ಲಾಗ್ ಪುಶ್ (ಕಮಿಟ್‌ಗಳನ್ನು ಸರ್ವರಿಗೆ ಕಳಿಸುವುದು) ಜೊತೆ ಹೋಗುವುದಿಲ್ಲ, ಕ್ಲೋನ್ (ಇತಿಹಾಸ ಸಮೇತ ಪ್ರತಿ ತೆಗೆಯುವುದು) ಜೊತೆ ಬರುವುದೂ ಇಲ್ಲ. ಅದಕ್ಕೇ ಸಂಜೆ ಕೆಲಸ ಮುಗಿಸುವಾಗ, ಅರೆಬೆಂದ ಕೋಡಾದರೂ ಸರಿ, ಬೇರೆ ಬ್ರಾಂಚ್‌ನಲ್ಲಿ ಸರ್ವರಿಗೆ ಪುಶ್ ಮಾಡಿಯೇ ಏಳುತ್ತೇನೆ. ಎರಡನೇ ಯಂತ್ರದಲ್ಲಿ ಮಿರರ್ ಕ್ಲೋನ್, ಅಂದರೆ ಸರ್ವರಿನಲ್ಲಿರುವ ಬ್ರಾಂಚ್‌ಗಳನ್ನೆಲ್ಲ ಹಾಗೇ ನಕಲಿಸುವ ಪ್ರತಿ, ಇದೆ. ಮಿರರ್ ಒಂದನ್ನೇ ನೆಚ್ಚಿಕೊಳ್ಳುವುದು ಮಾತ್ರ ತಪ್ಪೆಂದು ನನ್ನ ಗಟ್ಟಿ ಅಭಿಪ್ರಾಯ. ಮೂಲದಲ್ಲಿ ಯಾರೋ ಫೋರ್ಸ್ ಪುಶ್ ಮಾಡಿ ಹಳೆಯ ಕಮಿಟ್‌ಗಳನ್ನು ತಳ್ಳಿಹಾಕಿದರೆ, ಮುಂದಿನ ಅಪ್‌ಡೇಟ್‌ನಲ್ಲಿ ಮಿರರಿನ ಬ್ರಾಂಚೂ ಹಾಗೇ ಬದಲಾಗುತ್ತದೆ.

ಹಾಗಾಗಿ ತಿಂಗಳ ಕೊನೆಗೆ, ಗ್ರಾಹಕರಿಗೆ ಹೊಸ ಆವೃತ್ತಿ ಕೊಟ್ಟಾಗಲೂ, ‘ಗಿಟ್ ಬಂಡಲ್’ ಮಾಡುತ್ತೇನೆ. ಎಲ್ಲ ಬ್ರಾಂಚ್, ಟ್ಯಾಗ್‌ಗಳು (ಆವೃತ್ತಿಗಳಿಗೆ ಅಂಟಿಸಿದ ಹೆಸರುಗಳು) ಒಂದೇ ಫೈಲಿನಲ್ಲಿ ಸೇರುತ್ತವೆ. ಹೆಸರಿನಲ್ಲಿ ತಾರೀಖು ಹಾಕಿ ಮನೆಯ ಹಾರ್ಡ್ ಡಿಸ್ಕಿಗೊಂದು, ಹೊರಗೆ ಬೇರೆ ಊರಲ್ಲಿರುವ ತಮ್ಮನಿಗೊಂದು ಕಳಿಸುತ್ತೇನೆ. ಅದರಿಂದ ನೇರವಾಗಿ ಕ್ಲೋನ್ ಮಾಡಬಹುದು, ಸರ್ವರ್ ಬೇಕಿಲ್ಲ.

ಬಂಡಲ್‌ಗೆ ‘ವೆರಿಫೈ’ ಕಮಾಂಡ್ ಇದೆ, ನನಗೆ ಅಷ್ಟು ಸಾಲದು. ಹಳೆಯ ಲ್ಯಾಪ್‌ಟಾಪಿನ ಖಾಲಿ ಫೋಲ್ಡರಿನಲ್ಲಿ ಕ್ಲೋನ್ ಮಾಡಿ, ಬಿಲ್ಡ್ ಮಾಡಿ, ಒಂದು ಬಿಲ್ ಹೊರಡಿಸಿ ನೋಡುತ್ತೇನೆ. ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಗಮನಿಸಬಾರದ ಫೈಲುಗಳ ಪಟ್ಟಿಯಲ್ಲಿ) ಬಿಟ್ಟ ಸೆಟ್ಟಿಂಗ್ ಫೈಲುಗಳು, ಡೇಟಾಬೇಸ್ ಪಾಸ್‌ವರ್ಡ್, ಸಹಿ ಹಾಕುವ ಕೀಲಿ ಬಂಡಲಿನಲ್ಲಿ ಇಲ್ಲ ಅನ್ನುವುದು ಆಗ ಕಣ್ಣಿಗೆ ಬೀಳುತ್ತದೆ. ಅವನ್ನೆಲ್ಲ ಎನ್‌ಕ್ರಿಪ್ಟ್ ಮಾಡಿದ ಒಂದು ಆರ್ಕೈವ್‌ಗೆ ಹಾಕಿ ಬಂಡಲಿನ ಪಕ್ಕದಲ್ಲೇ ಇಡುತ್ತೇನೆ. ಆ ಆರ್ಕೈವಿನ ಪಾಸ್‌ವರ್ಡ್ ಮಾತ್ರ ಕಾಗದದಲ್ಲಿ ಬರೆದು ಹೆಂಡತಿಯ ಕೈಗೆ ಕೊಟ್ಟಿದ್ದೇನೆ.