ಬಂಗ್ಡೆಗೆ ಅರ್ಧ ಟಿಕೆಟ್, ನನಗೆ ಸೊನ್ನೆ

ಶುಗರ್ ಇಳಿದದ್ದನ್ನು ಮೂಸಿ ಹಿಡಿದು ಎಚ್ಚರಿಸುವುದು ಕಂತ್ರಿ ನಾಯಿಯಿಂದ ಆಗುವ ಕೆಲಸ ಅಲ್ಲ ಅಂತ ಹೇಳಿದವರು ನಾಲ್ಕು ಜನ. ಒಬ್ಬ ಟ್ರೇನರ್, ನನ್ನ ಡಾಕ್ಟರು, ನಮ್ಮ ಭಾವ, ಮತ್ತೆ ಆಯಿ. ಮೊದಲ ಮೂವರು ಈಗ ಸುಮ್ಮನಾಗಿದ್ದಾರೆ. ಆಯಿ ಅಷ್ಟು ಸುಲಭಕ್ಕೆ ಸೋಲುವವಳಲ್ಲ.

ಕುಮಟಾದಲ್ಲಿ ನನ್ನದೊಂದು ಟೇಲರಿಂಗ್ ಅಂಗಡಿ. ಟೈಪ್ 1 ಶುಗರ್ ಬಂದು ಹತ್ತೊಂಬತ್ತು ವರ್ಷವಾಯ್ತು. ಶುಗರ್ ಲೋ ಆಗುವಾಗ ಬೆವರು, ನಡುಕ ಬರುತ್ತದಲ್ಲ, ಅದು ನನಗೆ ಐದಾರು ವರ್ಷದಿಂದ ಗೊತ್ತಾಗುವುದೇ ನಿಂತಿದೆ. ಒಮ್ಮೆ ಕೈಯಲ್ಲಿ ಕತ್ತರಿ ಇದ್ದಾಗಲೇ ಮಷಿನ್ ಮೇಲೆ ಬಿದ್ದೆ. ಅವತ್ತಿನಿಂದ ನಮ್ಮನೆಯವರು ನನ್ನನ್ನು ಒಬ್ಬಳೇ ಬಸ್ ಹತ್ತಲು ಬಿಡಲಿಲ್ಲ. ಶಿರಸಿ ಹತ್ತಿರದ ತವರಿಗೂ ಕಾವಲು ಬೇಕು. ಆ ಸಿಟ್ಟಿನಲ್ಲೇ ನಾಯಿಯ ವಿಚಾರಕ್ಕೆ ಕೈ ಹಾಕಿದ್ದು.

ಕೂರು, ಇರು, ಬಿಡು ಕಲಿಸುವುದು ನನ್ನ ಹಾಗೇ ನಾಯಿ ತಯಾರು ಮಾಡುತ್ತಿರುವ ನಿಮಗೆಲ್ಲ ಗೊತ್ತೇ ಇದೆ. ಅದನ್ನು ಬರೆಯುತ್ತಾ ಕೂರುವುದಿಲ್ಲ. ನಾನು ಎಲ್ಲೆಲ್ಲಿ ಕೆಟ್ಟೆ ಅನ್ನುವುದನ್ನು ಬರೆದರೆ ನಿಮಗೆ ದುಡ್ಡು ಉಳಿಯಬಹುದು.

ಮೊದಲು ತಂದದ್ದು ಲ್ಯಾಬ್ರಡಾರ್ ಮರಿ. ಹದಿನಾಲ್ಕು ಸಾವಿರ. ತಿಂಗಳಿಗೆ ಎಂಟು ಸಾವಿರದಂತೆ ಎರಡು ತಿಂಗಳು ಟ್ರೇನರ್ ಹತ್ತಿರ ಬಿಟ್ಟೆ. ಶೇಕ್‌ಹ್ಯಾಂಡ್ ಕೊಡುವುದನ್ನು ಕಲಿತು ಬಂತು. ನಮ್ಮ ಕರಾವಳಿಯ ಏಪ್ರಿಲ್ ಸೆಕೆ ನಿಮಗೆ ಗೊತ್ತಲ್ಲ. ಇಡೀ ದಿನ ನಾಲಿಗೆ ಹೊರಗೆ ಹಾಕಿ ಏದುಸಿರು ಬಿಡುತ್ತಿತ್ತು. ಹಾಗೆ ಏದುಸಿರು ಬಿಡುವ ನಾಯಿ ಮೂಸುವುದೆಲ್ಲಿ? ಮೇಲಿಂದ ಹೊಟ್ಟೆಬಾಕ. ಈಗ ಅದು ಭಾವನ ಮನೆ ಕಾಯುತ್ತಿದೆ. ಕಳ್ಳ ಬಂದರೂ ಶೇಕ್‌ಹ್ಯಾಂಡ್ ಕೊಡುತ್ತದೆ.

ಈಗಿನವಳು ಮೀನು ಪೇಟೆಯ ಹಿಂದೆ ಸಿಕ್ಕಿದವಳು. ಆರು ತಿಂಗಳ ಕೂಸು, ಬರೀ ಎಲುಬು. ಮೂರು ಗರಟೆ ಬೋರಲು ಹಾಕಿ, ಒಂದರ ಅಡಿಗೆ ಚಕ್ಕುಲಿ ಚೂರು ಇಟ್ಟೆ. ಲ್ಯಾಬ್ ಆಗಿದ್ದರೆ ಮೂರನ್ನೂ ಮಗುಚುತ್ತಿತ್ತು. ಇವಳು ನೇರ ಸರಿಯಾದ ಗರಟೆಗೆ ಹೋಗಿ, ಮೂಸಿ, ಕೂತು ನನ್ನ ಮುಖ ನೋಡಿದಳು. ಆ ನೋಟಕ್ಕೇ ಮನೆಗೆ ತಂದೆ. ಸಿಕ್ಕ ಜಾಗದ ಮೇಲೆ ಬಂಗ್ಡೆ ಅಂತ ಹೆಸರಿಟ್ಟೆ. ನಮ್ಮದು ಮೀನು ಮುಟ್ಟದ ಮನೆ. "ಎಂತ ಹೆಸರೇ ಕೂಸೇ ಇದು?" ಅಂತ ಆಯಿ ಹಣೆ ಹಣೆ ಚಚ್ಚಿಕೊಂಡಳು. ಅವಳ ಬಾಯಲ್ಲಿ ಇವತ್ತಿಗೂ ಇವಳು ಬಂಗಾರಿ. ನಾಯಿ ಎರಡಕ್ಕೂ ಓಡಿ ಬರುತ್ತದೆ.

ವಾಸನೆಯ ಸ್ಯಾಂಪಲ್ ವಿಷಯಕ್ಕೆ ಬರೋಣ. ಲೋ ಆದಾಗಿನ ಎಂಜಲನ್ನು ಹತ್ತಿಗೆ ಹಿಡಿದು, ಚೀಲಕ್ಕೆ ಹಾಕಿ, ಫ್ರೀಜರಿನಲ್ಲಿಟ್ಟು, ಆ ವಾಸನೆಯನ್ನು ನಾಯಿಗೆ ಕಲಿಸುವುದೆಲ್ಲ ನಿಮ್ಮ ಹಾಗೇ. ನಾನು ಮಾಡಿದ ತಪ್ಪು ಕೇಳಿ. ಶುಗರ್ 70ರ ಕೆಳಗೆ ಇಳಿದ ಕೂಡಲೇ ಬಾಯಿಗೆ ಒಂದು ಚಮಚ ಜೋನಿ ಬೆಲ್ಲ (ನೀರು ಬೆಲ್ಲ). ಆಮೇಲೆ ಹತ್ತಿ. ಹೀಗೆ ನಲವತ್ತು ಸ್ಯಾಂಪಲ್ ಮಾಡಿಟ್ಟೆ, ನಾಲ್ಕು ತಿಂಗಳು ಕಲಿಸಿದೆ. ಮನೆಯಲ್ಲಿ ಹತ್ತಕ್ಕೆ ಹತ್ತು ಸರಿ. ನಾನು ಊರಿಡೀ ಹೇಳಿಕೊಂಡು ತಿರುಗಿದೆ.

ಫೆಬ್ರುವರಿಯಲ್ಲಿ ತವರಿನ ಕಡೆ ಆಲೆಮನೆಗೆ ಹೋದೆವು. ಬಂಗ್ಡೆ ಬಂದವಳೇ ಮೂತಿಯಿಂದ ನನ್ನ ಮೊಣಕಾಲು ತಿವಿಯಲು ಶುರು. ಲೋ ಆಗಿದೆ ಅಂತ ಹೇಳಲು ಕಲಿಸಿದ್ದು ಅದೇ. ಬೆರಳು ಚುಚ್ಚಿ ನೋಡಿದೆ, 130. ಮತ್ತೆ ತಿವಿದಳು. 134. ಶುಗರ್ ನೋಡುವ ಸ್ಟ್ರಿಪ್ ನಾಲ್ಕು ಹೋಯ್ತು, ಒಂದಕ್ಕೆ ಇಪ್ಪತ್ತು ರೂಪಾಯಿ ಹಿಡಿದರೂ ಎಂಬತ್ತು ರೂಪಾಯಿ ನೀರಿಗೆ. ಅಷ್ಟರಲ್ಲಿ ಬಾಳೆಲೆ ಚೂರಿನಲ್ಲಿ ಬಿಸಿ ಬೆಲ್ಲ ನೆಕ್ಕುತ್ತಿದ್ದ ಮಾವನ ಹತ್ತಿರ ಹೋಗಿ ಅವರನ್ನೂ ತಿವಿದಳು. ಆಮೇಲೆ ಕೊಪ್ಪರಿಗೆ ಹತ್ತಿರ ನಿಂತವರನ್ನು ಒಬ್ಬೊಬ್ಬರನ್ನಾಗಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೆ ಅಳು ಬಂತು. ನಾಲ್ಕು ತಿಂಗಳು ನಾನು ಕಲಿಸಿದ್ದು ಬೆಲ್ಲದ ವಾಸನೆ!

ಎಲ್ಲ ಎಸೆದು ಮೊದಲಿಂದ ಶುರು ಮಾಡಿದೆ. ಈಗ ಮೊದಲು ಹತ್ತಿ, ಆಮೇಲೆ ಬೆಲ್ಲ. ನಮ್ಮನೆಯವರು ಪಕ್ಕದಲ್ಲೇ ಬಾಟಲಿ ಹಿಡಿದು ನಿಂತಿರಬೇಕು. 60ಕ್ಕಿಂತ ಕೆಳಗಿದ್ದರೆ ಸ್ಯಾಂಪಲ್ ಆಸೆ ಬಿಟ್ಟು ಸೀದಾ ಸಿಹಿ. ಒಬ್ಬರೇ ಇದ್ದಾಗ ಈ ಸಾಹಸ ಬೇಡವೇ ಬೇಡ.

ಎರಡನೇ ಸಲ ಕೆಟ್ಟದ್ದು ಪ್ಲಾಸ್ಟಿಕ್ಕಿನಿಂದ. ಲೋ ಹತ್ತಿಗೆ ಒಂದು ಕಂಪನಿಯ ಚೀಲ, ಮಾಮೂಲಿ ಹತ್ತಿಗೆ ಇನ್ನೊಂದು. ಅವಳು ಚೀಲವನ್ನೇ ಕಲಿತಳು. ಮೂರನೇ ಸಲ ಜುಲೈ ಮಳೆ. ಎರಡೂವರೆ ದಿನ ಕರೆಂಟಿಲ್ಲ. ಮೂವತ್ತು ಸ್ಯಾಂಪಲ್ ಕರಗಿ ಹಾಳು. ಈಗ ಅರ್ಧ ಸ್ಯಾಂಪಲ್ ನನ್ನಲ್ಲಿ, ಅರ್ಧ ಐಸ್‌ಕ್ರೀಮ್ ಮಾರುವ ಗೆಳತಿಯ ಫ್ರೀಜರಿನಲ್ಲಿ. ಅವಳಲ್ಲಿ ಜನರೇಟರ್ ಇದೆ. ಡಬ್ಬದ ಒಳಗೆ ಎಂತ ಇದೆ ಅಂತ ಅವಳ ಗಿರಾಕಿಗಳಿಗೆ ಹೇಳಬೇಡಿ.

ಮನೆಯಲ್ಲಿ ಕೆಲಸ ಕುದುರಿತು. ನಿಜವಾದ ಕಷ್ಟ ಹೊರಗಿತ್ತು. ನಮ್ಮ ಶುಗರ್ 2016ರ ಅಂಗವಿಕಲರ ಹಕ್ಕು ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಇಲ್ಲ. ಹಕ್ಕು ಅಂತ ಬಾಯಿ ಮಾಡಿದರೆ ಮೊದಲ ಸ್ಟಾಪಿನಲ್ಲೇ ಇಳಿಸುತ್ತಾರೆ. ಒಂದು ಖಾಸಗಿ ಟೆಂಪೊದವನು ನಡುದಾರಿಯಲ್ಲಿ ಇಳಿಸಿಯೂ ಇದ್ದಾನೆ, ಮಳೆಯಲ್ಲಿ. ಅವತ್ತಿಂದ ಜಗಳ ಬಿಟ್ಟೆ. ನಾಯಿ ಇರುವುದೇ ಜನರಿಗೆ ಗೊತ್ತಾಗಬಾರದು, ಅದೇ ನನ್ನ ಲೆಕ್ಕ.

ಅದಕ್ಕೆ ನನ್ನ ಮುಖ್ಯ ಸಾಮಾನು ಒಂದು ಗೋಣಿತಾಟು. ಎರಡೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಂಚಿಗೆ ಹಳೇ ಸೀರೆ ಬಾರ್ಡರ್ ಹೊಲಿದಿದ್ದೇನೆ. ಮನೆಯಲ್ಲಿ ಅದರ ಮೇಲೇ ಮಲಗುತ್ತಾಳೆ. ಅದನ್ನು ಎಲ್ಲಿ ಹಾಸಿದರೂ ಅದು ಅವಳ ಮನೆ. ಬಸ್ಸಿನ ಸೀಟಿನ ಕೆಳಗೆ ಹಾಸಿದರೆ ಒಳಗೆ ನುಗ್ಗಿ, ಮೂತಿ ನನ್ನ ಹಿಮ್ಮಡಿಯ ಹತ್ತಿರ ಇಟ್ಟು, ಸುರುಳಿ ಸುತ್ತಿಕೊಳ್ಳುತ್ತಾಳೆ. ಶಿರಸಿ ಬರುವವರೆಗೂ ಪಕ್ಕದವರಿಗೆ ನಾಯಿ ಇರುವುದು ಗೊತ್ತಾಗದ ದಿನಗಳೂ ಇವೆ. ಇದಕ್ಕೆ ಮೊದಲು ಒಂದು ತಿಂಗಳು, ದಿನಾ ಸಂಜೆ ಇಪ್ಪತ್ತು ನಿಮಿಷ, ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಸುಮ್ನೆ ಕೂತಿದ್ದೇವೆ. ಬಸ್ ಹತ್ತಲೇ ಇಲ್ಲ. ಕಂಡಕ್ಟರುಗಳಿಗೆ ನಮ್ಮ ಮುಖ ಗುರುತಾಯ್ತು. ಆಮೇಲೆ ಹತ್ತಿದಾಗ "ಓ, ಬೆಂಚಿನ ನಾಯಿ" ಅಂದರು, ಅಷ್ಟೇ.

ಟಿಕೆಟ್ ವಿಚಾರ. 2022ರಲ್ಲಿ ಕೆಎಸ್‌ಆರ್‌ಟಿಸಿ ನಾಯಿಗೆ ಅರ್ಧ ಟಿಕೆಟ್ ಮಾಡಿತು. ಮೊದಲು ಪೂರ್ತಿ ಇತ್ತು. ರಾಜಹಂಸ, ಸ್ಲೀಪರ್, ಏಸಿ ಬಸ್ಸಿಗೆ ನಾಯಿ ಇಲ್ಲ. ನಮ್ಮ ಕಡೆ ಓಡುವುದು ವಾಯವ್ಯ ಸಾರಿಗೆಯ ಬಸ್ಸು, ಆದರೂ ಆ ಸುದ್ದಿಯ ಪ್ರಿಂಟ್ ಬ್ಯಾಗಿನಲ್ಲಿ ಇರುತ್ತದೆ. 2023ರ ಜೂನಿನಿಂದ ಶಕ್ತಿ ಯೋಜನೆ ಬಂತಲ್ಲ, ಅದೂ ಆರ್ಡಿನರಿ, ಎಕ್ಸ್‌ಪ್ರೆಸ್ಸಿಗೇ. ಇಬ್ಬರಿಗೂ ಒಂದೇ ಬಸ್ಸು. ನನಗೆ ಸೊನ್ನೆ ಟಿಕೆಟ್, ಬಂಗ್ಡೆಗೆ ಅರ್ಧ. "ಅಕ್ಕಾ, ನಿಮ್ಮ ಮನೆಯಲ್ಲಿ ದುಡ್ಡು ಕೊಟ್ಟು ಹೋಗುವುದು ನಾಯಿ ಒಂದೇ" ಅಂತ ಒಬ್ಬ ಕಂಡಕ್ಟರ್ ನಕ್ಕ. ನಾನೇ ಮೊದಲು ಬಾಯಿ ಬಿಟ್ಟು ಟಿಕೆಟ್ ಕೇಳುತ್ತೇನೆ. ಟಿಕೆಟ್ ಹರಿದ ಮೇಲೆ ನಾಯಿಯೂ ಪ್ರಯಾಣಿಕಳೇ. ಮತ್ತೆ ಯಾರೂ ಇಳಿಸುವ ಮಾತಾಡುವುದಿಲ್ಲ.

ರೈಲಿನ ಆಸೆ ಬಿಟ್ಟಿದ್ದೇನೆ. ಏಸಿ ಫಸ್ಟ್ ಕ್ಲಾಸಿನ ಕೂಪೆ ಪೂರ್ತಿ ನಮ್ಮದಾದರೆ ಮಾತ್ರ ನಾಯಿ ಜೊತೆಗೆ, ಇಲ್ಲದಿದ್ದರೆ ಬ್ರೇಕ್ ವ್ಯಾನಿನ ಪೆಟ್ಟಿಗೆ. ಮೂಗು ಅಲ್ಲಿ, ನಾನು ಇಲ್ಲಿ. ಎಂತ ಪ್ರಯೋಜನ?

ಮೊಣಕಾಲು ತಿವಿಯುವುದನ್ನೂ ಬದಲಿಸಬೇಕಾಯ್ತು. ಒಂದು ಖಾನಾವಳಿಯಲ್ಲಿ ತಿವಿದಾಗ, ಊಟ ಕೇಳುತ್ತಿದೆ ಅಂತ ಪಕ್ಕದವರು ಚಪಾತಿ ಎಸೆದರು. ಅವಳು ತಿಂದಳು. ನನ್ನ ಶುಗರ್ ಅವತ್ತು 61. ಮನೆಗೆ ಬಂದು ಒಂದು ಗೊಂಡೆ ಮಾಡಿದೆ. ಸೀರೆ ಕುಚ್ಚಿನ ದಾರ, ಗೇಣುದ್ದ, ಕೆಂಪು. ಬ್ಯಾಗಿನ ಪಟ್ಟಿಗೆ ಹೊಲಿದು ನೇತು ಹಾಕಿದೆ. ಲೋ ಆದರೆ ಬಾಯಲ್ಲಿ ಗೊಂಡೆ ಹಿಡಿದು ಎಳೆಯಬೇಕು. ಬೊಗಳುವಂತಿಲ್ಲ, ತಿವಿಯುವಂತಿಲ್ಲ. ಹತ್ತು ದಿನಕ್ಕೆ ಕಲಿತಳು. ಗೊಂಡೆಯ ಒಳಗೆ ಒಂದು ಗಂಟು ಇದೆ, ಅದರಲ್ಲಿ ಏನಿದೆ ಅಂತ ಮಾತ್ರ ಬರೆಯುವುದಿಲ್ಲ. ಅದಕ್ಕೆ ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೇನೆ.

ದೇವಿಮನೆ ಘಟ್ಟದ ಕತೆ ಹೇಳದಿದ್ದರೆ ಆಗುವುದಿಲ್ಲ. ಕುಮಟಾದಿಂದ ಶಿರಸಿಗೆ ಅರವತ್ತು ಕಿಲೋಮೀಟರ್ ಅಂದಾಜು. ಮೊದಲ ಮೂರು ಸಲವೂ ತಿರುವಿನಲ್ಲಿ ವಾಂತಿ ಮಾಡಿದ್ದಳು. ಹಿಂದಿನ ರಾತ್ರಿಯಿಂದ ಹೊಟ್ಟೆ ಖಾಲಿ ಬಿಟ್ಟು, ಹಿಂದಿನ ಚಕ್ರದ ಮೇಲಿನ ಸೀಟು ಬಿಟ್ಟ ಮೇಲೆ ಸರಿಹೋಯ್ತು. ಅವತ್ತು ನಾಲ್ಕನೇ ಸಲ. ಬಸ್ ಘಟ್ಟ ಹತ್ತುತ್ತಿತ್ತು. ಗೊಂಡೆ ಎಳೆದಳು. ತೋಳಿಗೆ ಅಂಟಿಸಿದ ಶುಗರ್ ಸೆನ್ಸರಿಗೆ ಮೊಬೈಲ್ ಹಿಡಿದೆ, 92. ಸುಮ್ಮನಿರು ಅಂದೆ. ಮತ್ತೆ ಎಳೆದಳು. ಗದರಿದೆ. ಸೀಟಿನ ಕೆಳಗಿಂದ ಪೂರ್ತಿ ಹೊರಗೆ ಬಂದು, ಗೊಂಡೆ ಕಚ್ಚಿಕೊಂಡೇ ಹಿಂದಕ್ಕೆ ಜಗ್ಗಿದಳು. ಬ್ಯಾಗ್ ನನ್ನ ತೊಡೆಯಿಂದ ಕೆಳಗೆ ಬಿತ್ತು. ಬೆಲ್ಲದ ಬಾಟಲಿ ಉರುಳಿ ಮುಂದಿನ ಸೀಟಿನವರ ಚಪ್ಪಲಿ ಹತ್ತಿರ ಹೋಯ್ತು. ಸಿಟ್ಟಿನಿಂದಲೇ ಬೆರಳು ಚುಚ್ಚಿದೆ. 58.

ಸೆನ್ಸರಿನ ನಂಬರ್ ರಕ್ತದ ಶುಗರಿಗಿಂತ ಕೆಲವು ನಿಮಿಷ ಹಿಂದೆ ಇರುತ್ತದೆ ಅಂತ ನಮಗೆಲ್ಲ ಗೊತ್ತು. ಗೊತ್ತಿದ್ದೂ ನಾನು ಐದು ಸಾವಿರದ ಬಿಲ್ಲೆಯನ್ನು ನಂಬಿ ಮೀನು ಪೇಟೆಯ ನಾಯಿಯನ್ನು ಗದರಿದೆ. ಬಾಟಲಿ ಎತ್ತಿಕೊಟ್ಟ ಆ ಮುಂದಿನ ಸೀಟಿನ ಹೆಂಗಸು "ಹುಷಾರಿಲ್ವಾ ಮಾರಾಯ್ತಿ?" ಅಂತ ಶಿರಸಿಯವರೆಗೂ ನನ್ನ ಕೈ ಹಿಡಿದು ಕೂತಿದ್ದರು. ಡಾಕ್ಟರಿಗೆ ಎರಡೂ ನಂಬರ್ ತೋರಿಸಿದೆ. ಅವರು ಸುಮ್ಮನಾದದ್ದು ಅವತ್ತೇ.

ಎಲ್ಲ ಕಡೆ ಗೆದ್ದಿಲ್ಲ. 2024ರ ಮಾರಿಕಾಂಬಾ ಜಾತ್ರೆಗೆ ಕರೆದುಕೊಂಡು ಹೋದದ್ದು ನನ್ನ ಅಹಂಕಾರ. ಬಿಡ್ಕಿಬೈಲಿನ ಆ ಜನ, ಆ ಪೀಪಿ, ಆ ಧೂಳು! ಬಳೆ ಅಂಗಡಿ ದಾಟುವ ಮೊದಲೇ ನನ್ನ ಕಾಲಿನ ನಡುವೆ ಸಿಕ್ಕಿಕೊಂಡು ನಡುಗಿದಳು. ಹತ್ತು ನಿಮಿಷಕ್ಕೆ ವಾಪಸ್. ಅದಾದ ಮೇಲೆ ಎರಡು ವಾರ ಗೊಂಡೆ ಮುಟ್ಟಲಿಲ್ಲ. ದೇವಸ್ಥಾನದ ಒಳಗೆ ನಾನು ಕರೆದೊಯ್ಯುವುದಿಲ್ಲ. ಯಾರಾದರೂ ಹೊರಗೆ ಹಿಡಿದುಕೊಂಡು ನಿಂತರೆ ಬೇಗ ಕೈ ಮುಗಿದು ಬರುತ್ತೇನೆ. ಒಂದು ದೊಡ್ಡ ಆಸ್ಪತ್ರೆಯ ಗೇಟಿನಲ್ಲಿ ಮಾತ್ರ ನೋವಾಯ್ತು. ಶುಗರ್ ತೋರಿಸಲು ಹೋದವಳು ಶುಗರ್ ಕಾಯುವವಳನ್ನು ಗೇಟಿಗೆ ಕಟ್ಟಿ ಒಳಗೆ ಹೋಗಬೇಕಾಯ್ತು.

ಜನವರಿಯಿಂದ ಮೇ ತನಕ ಸಿದ್ದಾಪುರದ ಕಡೆ ಹೋಗುವುದಾದರೆ ಇನ್ನೊಂದು ವಿಷಯ. ಮಂಗನ ಕಾಯಿಲೆಯ ಕಾಲ. ನಾಯಿ ಕಂಡರೆ "ಉಣುಗು ತರ್ತದೆ" ಅಂತ ಜನ ದೂರ ಸರಿಯುತ್ತಾರೆ. ಅವರ ಹೆದರಿಕೆ ಸುಳ್ಳಲ್ಲ. ಆ ಕಾಯಿಲೆ ಹರಡುವುದೇ ಉಣುಗಿನಿಂದ. ತಿಂಗಳಿಗೊಮ್ಮೆ ಬೆನ್ನಿಗೆ ಉಣುಗಿನ ಔಷಧಿ, ಆರುನೂರು ಏಳುನೂರು ಖರ್ಚು. ಬಸ್ ಹತ್ತುವ ಮೊದಲು ಕಿವಿ ಒಳಗೆ, ಬೆರಳ ಸಂದಿಯಲ್ಲಿ ಕೈಯಾಡಿಸಿ ನೋಡುತ್ತೇನೆ. ಬಂಗ್ಡೆಗೆ ಹೊಲಿದ ಜಾಕೆಟ್ಟಿನ ಒಳಗೆ ಬಿಳಿ ಲೈನಿಂಗ್ ಕೊಟ್ಟದ್ದೂ ಅದಕ್ಕೇ, ಎಳ್ಳಿನಷ್ಟು ಉಣುಗಿದ್ದರೂ ಕಾಣುತ್ತದೆ. ಯಾರಾದರೂ ತಕರಾರು ತೆಗೆದರೆ ಜಾಕೆಟ್ ಬಿಚ್ಚಿ ತಿರುಗಿಸಿ ತೋರಿಸುತ್ತೇನೆ.

ಬೀದಿ ನಾಯಿಗಳ ಕಾಟಕ್ಕೆ ಮೊದಲು ಕೊಡೆ ಬಿಚ್ಚುತ್ತಿದ್ದೆ. ಮಳೆಗಾಲದಲ್ಲಿ ಎಲ್ಲರ ಕೈಯಲ್ಲೂ ಕೊಡೆ, ನಾಯಿಗಳಿಗೆ ಹೆದರಿಕೆಯೇ ಇಲ್ಲ. ಈಗ ಬೇರೆ ಉಪಾಯ ಇದೆ. ಅದನ್ನೂ ಬರೆಯುವುದಿಲ್ಲ, ಕುಮಟಾಕ್ಕೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಸುಮ್ನೆ ಕುತೂಹಲಕ್ಕೆ ಕೆಲವು ಮಾಡಿ ನೋಡಿದೆ. ಎಂಜಲಿನ ಬದಲು ಬೆವರಿನ ಬಟ್ಟೆ ಇಟ್ಟರೆ ಅರ್ಧಕ್ಕರ್ಧ ಹಿಡಿಯುತ್ತಾಳೆ. ಸಮುದ್ರ ದಂಡೆಯಲ್ಲಿ ಗಾಳಿ ನನ್ನಿಂದ ಅವಳ ಕಡೆ ಬೀಸಿದರೆ ಸರಿ, ಉಲ್ಟಾ ಆದರೆ ಪಕ್ಕದಲ್ಲಿದ್ದರೂ ಗೊತ್ತಾಗುವುದಿಲ್ಲ. ಸ್ಕೂಟಿಯಲ್ಲಿ ಪೂರ್ತಿ ಫೇಲ್. ಪಕ್ಕದ ಮನೆ ಅಜ್ಜನಿಗೂ ಶುಗರ್ ಇದೆ, ಅವರ ಹತ್ತಿರ ಕೂರಿಸಿದೆ. ಅಜ್ಜನಿಗಾಗಿ ಗೊಂಡೆ ಒಮ್ಮೆಯೂ ಎಳೆಯಲಿಲ್ಲ, ಅವರ ಎಲೆ ಅಡಿಕೆ ಚೀಲ ಎಳೆದಳು.

ಲೆಕ್ಕ ಕೇಳುತ್ತೀರಿ ಅಲ್ವಾ. ಅಳತೆ ಪುಸ್ತಕದ ಕೊನೇ ಪುಟಗಳಲ್ಲಿ ಬರೆದಿಟ್ಟ ಆರು ತಿಂಗಳದ್ದು ಹೇಳುತ್ತೇನೆ. ಲೋ ಆದದ್ದು ಸುಮಾರು ತೊಂಬತ್ತು ಸಲ. ಹಿಡಿದದ್ದು ಎಪ್ಪತ್ತರ ಹತ್ತಿರ. ಸುಮ್ಮಸುಮ್ಮನೆ ಎಳೆದದ್ದು ಇಪ್ಪತ್ತೈದು ಇರಬಹುದು, ಅದರಲ್ಲಿ ಜಾಸ್ತಿ ಊಟದ ಹೊತ್ತಿನಲ್ಲಿ. ಹಾಗಾಗಿ ಸೆನ್ಸರ್ ಬಿಟ್ಟಿಲ್ಲ, ಸ್ಟ್ರಿಪ್ ಅಂತೂ ಬಿಡುವುದೇ ಇಲ್ಲ. ಬಂಗ್ಡೆಗೆ ಈವರೆಗೆ ಆದ ಖರ್ಚು ನಲವತ್ತು ಸಾವಿರದ ಆಸುಪಾಸು, ಮುಕ್ಕಾಲು ಪಾಲು ಸ್ಟ್ರಿಪ್ಪಿಗೇ. ಲ್ಯಾಬಿಗೆ ಆರು ತಿಂಗಳಲ್ಲಿ ಅಷ್ಟೇ ಹೋಗಿತ್ತು.

ಜಾಕೆಟ್ ಹೊಲಿಯುವವರಿಗೆ ಅಳತೆ ಹೇಳಿಬಿಡುತ್ತೇನೆ. ಕುತ್ತಿಗೆ, ಎದೆ ಸುತ್ತಳತೆ, ಹೆಗಲಿಂದ ಬಾಲದ ಬುಡದವರೆಗೆ, ಮೂರು ಸಾಕು. ಊಟಕ್ಕೆ ಮೊದಲು ಅಳೆಯಿರಿ, ಎದೆಗೆ ಎರಡು ಬೆರಳು ಸಡಿಲ ಬಿಡಿ. ಕಾಟನ್ ಡ್ರಿಲ್ ಬಟ್ಟೆ ಒಂದು ಮೀಟರಿನಲ್ಲಿ ಎರಡು ಜಾಕೆಟ್ ಆಗುತ್ತದೆ, ಮಳೆಗಾಲಕ್ಕೆ ಎರಡು ಬೇಕೇ ಬೇಕು. ಬೆನ್ನ ಮೇಲೆ "ಕೆಲಸದಲ್ಲಿದ್ದೇನೆ, ಮುಟ್ಟಬೇಡಿ" ಅಂತ ಕನ್ನಡದಲ್ಲೇ ಬರೆಸಿ. ಮೊದಲು ಇಂಗ್ಲಿಷಿನಲ್ಲಿ ಬರೆಸಿದ್ದೆ, ಗೋಕರ್ಣಕ್ಕೆ ಬರುವ ಫಾರಿನ್‌ನವರು ಮಾತ್ರ ಓದಿದರು.