ಮುಧೋಳ ಮರಿಯನ್ನು ಓಟಕ್ಕೆ ಬಿಡುವ ಮುನ್ನ

ಮುಧೋಳ ತಳಿಯ ಮರಿಗೆ ಓಡುವುದನ್ನು ಯಾರೂ ಕಲಿಸಬೇಕಾಗಿಲ್ಲ. ಎರಡು ತಿಂಗಳು ತುಂಬುವ ಹೊತ್ತಿಗೆ ಅಂಗಳದಲ್ಲಿ ಗಾಳಿಗೆ ಉರುಳಿದ ಒಣ ಎಲೆಯೊಂದನ್ನು ಕಂಡರೂ ಅದರ ಕತ್ತು ನೆಟ್ಟಗಾಗುತ್ತದೆ, ಕಿವಿಗಳು ಹಿಂದಕ್ಕೆ ಮಡಚಿಕೊಳ್ಳುತ್ತವೆ, ಮರುಗಳಿಗೆಯಲ್ಲಿ ಮರಿ ಎಲೆಯ ಬೆನ್ನು ಹತ್ತಿರುತ್ತದೆ. ಆ ಓಟಕ್ಕೆ ಮೊದಲು ಕಾಯುವುದನ್ನೂ ಓಟ ಮುಗಿದ ಮೇಲೆ ಕರೆದಲ್ಲಿಗೆ ಮರಳುವುದನ್ನೂ ಮಾತ್ರ ನಾವು ಕಲಿಸಬೇಕು. ಈ ಎರಡನ್ನು ಬಿಟ್ಟು ಓಟದಿಂದಲೇ ಪಾಠ ಆರಂಭಿಸಿದ್ದರಿಂದ ಕೆಟ್ಟುಹೋದ ಒಳ್ಳೆಯ ನಾಯಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ.

ವಾಸನೆ ಹಿಡಿದು ಹೋಗುವ ನಾಯಿಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಮೊದಲು ಅರಿಯಬೇಕು. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿಗೆ ಸೇರಿದ್ದು. ಉದ್ದನೆಯ ಕಿರಿದಾದ ತಲೆ, ಆಳವಾದ ಎದೆ, ಒಳಸೇರಿದ ಹೊಟ್ಟೆ, ಬಿಲ್ಲಿನಂತೆ ಬಾಗಿ ಚಾಚಿಕೊಳ್ಳುವ ಬೆನ್ನು, ಇವೆಲ್ಲ ಬಯಲಿನಲ್ಲಿ ಚಲಿಸುವುದನ್ನು ದೂರದಿಂದಲೇ ಕಂಡು ಬೆನ್ನಟ್ಟುವುದಕ್ಕಾಗಿಯೇ ರೂಪುಗೊಂಡವು. ಬಾಗಲಕೋಟೆ ಸೀಮೆಯ ಜನ ಬೇಟೆ ನಾಯಿ ಎಂದೇ ಕರೆಯುತ್ತಿದ್ದ ಈ ತಳಿಗೆ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಆಶ್ರಯ ಕೊಟ್ಟರು. ಮಾಲೋಜಿರಾವ್ ಘೋರ್ಪಡೆಯವರು ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಒಂದು ಜೋಡಿಯನ್ನು ಉಡುಗೊರೆಯಾಗಿ ನೀಡಿದ ಮೇಲೆ ಊರಿನ ಹೆಸರೇ ತಳಿಯ ಹೆಸರಾಗಿ ಹರಡಿತು. ಕಣ್ಣಿಗೆ ಗುರಿ ಬಿದ್ದೊಡನೆ ಇಂಥ ನಾಯಿಯ ಕಿವಿ ನಮ್ಮ ಮಾತಿಗೆ ಮುಚ್ಚಿದಂತಾಗುವುದರಿಂದ, ಓಡುತ್ತಿರುವ ನಾಯಿಯನ್ನು ಕೂಗಿ ನಿಲ್ಲಿಸುತ್ತೇನೆಂದು ನಂಬಿ ಅದನ್ನು ಬಿಡಬಾರದು.

ಇನ್ನೊಂದು ಮಾತನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂಬುದಕ್ಕೆ ಕೊಲ್ಲುವುದು ಎಂಬಷ್ಟೇ ಅರ್ಥವಿಲ್ಲ. ಕಾಡುಪ್ರಾಣಿಯನ್ನು ಬೆನ್ನಟ್ಟಿಸುವುದು, ಹಿಡಿಯುವುದು, ಹಾಗೆ ಮಾಡಲು ಯತ್ನಿಸುವುದು ಎಲ್ಲವೂ ಅದರಲ್ಲಿ ಅಡಕವಾಗಿವೆ. ಆದ್ದರಿಂದ ಮೊಲದ ಹಿಂದೆ ನಾಯಿ ಬಿಟ್ಟು ಅಭ್ಯಾಸ ಮಾಡಿಸುವುದು ಅಪರಾಧ. ಸಾಕಿದ ಪ್ರಾಣಿಯನ್ನು ಕಟ್ಟಿಹಾಕಿ ನಾಯಿಯ ಬಾಯಿಗೆ ಒಡ್ಡುವುದನ್ನು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನಿಷೇಧಿಸಿದೆ. ಇಲ್ಲಿ ಹೇಳುವುದು ಬಟ್ಟೆಯ ಗುರಿಯ ಹಿಂದೆ ಓಡಿಸುವ ತರಬೇತಿ. ನಾಯಿಗೆ ಬೇಕಾದದ್ದು ಚಲಿಸುವ ಗುರಿ, ಅದನ್ನು ಹಳೆಯ ಪಂಚೆಯ ತುಂಡು ಕೊಡಬಲ್ಲದು.

ಮೊದಲ ಮೂರು ತಿಂಗಳು

ಮರಿಯನ್ನು ಎಂಟು ವಾರ ತುಂಬುವ ಮೊದಲು ತಾಯಿಯಿಂದ ಬೇರ್ಪಡಿಸಬಾರದು. ಮನೆಗೆ ತಂದ ಮೇಲಿನ ಆರು ವಾರಗಳು ಅದರ ಸ್ವಭಾವವನ್ನು ಗಟ್ಟಿ ಮಾಡುವ ಕಾಲ. ಈ ಅವಧಿಯಲ್ಲಿ ಆಡು, ಕುರಿ, ಕೋಳಿ, ಟ್ರ್ಯಾಕ್ಟರಿನ ಸದ್ದು, ಹೊಸಬರು, ಶಾಲೆಗೆ ಹೋಗುವ ಮಕ್ಕಳು, ಇವೆಲ್ಲವನ್ನೂ ಮರಿಯನ್ನು ತೋಳಲ್ಲಿ ಎತ್ತಿಕೊಂಡೋ ಹಗ್ಗದಲ್ಲಿ ಹಿಡಿದೋ ನಿಧಾನವಾಗಿ ಪರಿಚಯಿಸಬೇಕು. ಆಡಿನ ಮರಿ ಪಕ್ಕದಲ್ಲಿ ಕುಣಿಯುತ್ತಿದ್ದರೂ ತನ್ನ ಪಾಡಿಗೆ ಮಲಗುವುದನ್ನು ಈಗ ಕಲಿಯದ ನಾಯಿಗೆ ವರ್ಷದ ನಂತರ ಅದನ್ನು ಕಲಿಸುವುದು ಬಹಳ ಕಷ್ಟ, ಹಳ್ಳಿಯಲ್ಲಿ ಅಂಥ ನಾಯಿಗೆ ಜಾಗವೂ ಇರುವುದಿಲ್ಲ. ಲಸಿಕೆ ಮತ್ತು ಜಂತುಹುಳದ ಔಷಧಿಯನ್ನು ಪಶುವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಕೊಡಿಸಬೇಕು. ಲಸಿಕೆಗಳು ಪೂರ್ಣಗೊಳ್ಳುವ ತನಕ ಬೀದಿನಾಯಿಗಳು ಓಡಾಡುವ ನೆಲದ ಮೇಲೆ ಇಳಿಸಬಾರದು.

ಜೋಳದ ಗಂಜಿ, ಹಾಲು, ಮೊಟ್ಟೆ, ಬೇಯಿಸಿದ ಮಾಂಸವನ್ನು ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪವಾಗಿ ಕೊಡುವುದು ಒಳ್ಳೆಯದು. ಎಲುಬು ಗಟ್ಟಿಯಾಗಲೆಂದು ಸುಣ್ಣದ ಅಂಶದ ಔಷಧಿಯನ್ನು ವೈದ್ಯರನ್ನು ಕೇಳದೆ ಸುರಿಯುವುದು ಬೆಳೆಯುವ ಎಲುಬಿಗೆ ಕೇಡು. ಕೊನೆಯ ಒಂದೆರಡು ಪಕ್ಕೆಲುಬು ಕಾಣುವುದು ಈ ತಳಿಗೆ ಸಹಜವಾದ್ದರಿಂದ, ಅದನ್ನು ಕಂಡು ಮರಿ ಬಡಕಲಾಯಿತೆಂದು ಕೊಬ್ಬಿಸಬಾರದು.

ಕರೆ

ಮರಿಗೆ ಮೂರು ತಿಂಗಳಾಗುವ ಹೊತ್ತಿಗೆ ಒಂದು ಸೀಟಿ ಕೊಂಡು, ಊಟದ ತಟ್ಟೆ ಇಡುವ ಪ್ರತಿ ಸಲವೂ ಎರಡು ಬಾರಿ ಊದಬೇಕು. ವಾರದೊಳಗೆ ಸೀಟಿಯ ಸದ್ದಿಗೆ ಮರಿ ಎಲ್ಲಿದ್ದರೂ ಓಡಿಬರುತ್ತದೆ. ಆಮೇಲೆ ಇಬ್ಬರು ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತು ಸರದಿಯಂತೆ ಕರೆಯುತ್ತ, ಬಂದಾಗಲೆಲ್ಲ ಬೇಯಿಸಿದ ಕೋಳಿಯ ಈಲಿಯ ಚೂರೊಂದನ್ನು ಕೊಡಬೇಕು. ಅಂಗಳದಲ್ಲಿ ಇದು ಕೈಗೂಡಿದ ಮೇಲೆ ಹತ್ತು ಮೀಟರ್ ಉದ್ದದ ಹಗುರ ಹಗ್ಗ ಕಟ್ಟಿ ಹೊಲಕ್ಕೆ ಕರೆದೊಯ್ಯಬಹುದು.

ಇಲ್ಲಿ ಬಹುತೇಕರು ಎಡವುವುದು ಒಂದೇ ಕಡೆ. ಆಟ ಮುಗಿಸಿ ಮನೆಗೆ ಹೊರಡುವಾಗ ಮಾತ್ರ ನಾಯಿಯನ್ನು ಕರೆಯುತ್ತಾರೆ. ಕರೆ ಎಂದರೆ ಸಂತೋಷ ಮುಗಿಯಿತು ಎಂದು ನಾಯಿ ಲೆಕ್ಕ ಹಾಕಿಕೊಂಡು, ನಾಲ್ಕು ಮೊಳ ದೂರದಲ್ಲಿಯೇ ನಿಂತು ಕೈಗೆ ಸಿಗದಂತೆ ಸುತ್ತತೊಡಗುತ್ತದೆ. ಹತ್ತು ಬಾರಿ ಕರೆದರೆ ಒಂಬತ್ತು ಬಾರಿ ತಿನಿಸು ಕೊಟ್ಟು, ಕತ್ತು ಸವರಿ, ಮತ್ತೆ ಆಡಲು ಬಿಡಬೇಕು. ತಡವಾಗಿ ಬಂದಿತೆಂದು ಎಂದೂ ಹೊಡೆಯಬಾರದು, ಏಕೆಂದರೆ ಆ ಏಟು ಬಂದದ್ದಕ್ಕೆ ಬಿದ್ದ ಏಟೆಂದೇ ನಾಯಿಯ ನೆನಪಿನಲ್ಲಿ ಉಳಿಯುತ್ತದೆ.

ಬಿದಿರು, ಪಂಚೆಯ ತುಂಡು, ಕಾಯುವಿಕೆ

ನಾಲ್ಕೈದು ತಿಂಗಳಿಗೆ ಗುರಿಯ ಆಟ ಆರಂಭಿಸಬಹುದು. ಆಳೆತ್ತರದ ಬಿದಿರಿನ ತುದಿಗೆ ಎರಡು ಮೀಟರ್ ದಾರ, ದಾರದ ತುದಿಗೆ ಬಿಳಿಯ ಪಂಚೆಯ ತುಂಡು ಕಟ್ಟಿ, ಬಟ್ಟೆಯನ್ನು ನೆಲಕ್ಕೆ ತಾಗಿದಂತೆ ಎಳೆಯಬೇಕು. ಮೇಲಕ್ಕೆತ್ತಿ ಕುಣಿಸಿದರೆ ಮರಿ ಹಾರಿ ಹಿಂಗಾಲಿನ ಮೇಲೆ ಬಿದ್ದು ಕೀಲು ಕೆಡಿಸಿಕೊಳ್ಳುತ್ತದೆ. ಎರಡು ಮೂರು ನಿಮಿಷದೊಳಗೆ ಒಮ್ಮೆ ಬಟ್ಟೆ ಬಾಯಿಗೆ ಸಿಗುವಂತೆ ಬಿಟ್ಟು, ಮರಿ ಇನ್ನೂ ಬೇಕೆನ್ನುತ್ತಿರುವಾಗಲೇ ಆಟ ನಿಲ್ಲಿಸಬೇಕು. ಎಂದೂ ಸಿಗದ ಗುರಿಯ ಹಿಂದೆ ಓಡಿ ಓಡಿ ಆಸೆ ಬಿಟ್ಟ ನಾಯಿ ಮುಂದೆ ಅರ್ಧ ದಾರಿಗೆ ನಿಂತುಬಿಡುತ್ತದೆ.

ಕಾಯುವ ಪಾಠವೂ ಇದೇ ಬಟ್ಟೆಯಿಂದಲೇ ನಡೆಯುತ್ತದೆ. ಮುಧೋಳ ನಾಯಿಯ ತಲೆ ಕಿರಿದಾದ್ದರಿಂದ ಸಣ್ಣ ಪಟ್ಟಿ ಜಾರಿಹೋಗುತ್ತದೆ. ನಾಲ್ಕು ಬೆರಳು ಅಗಲದ ಮೆತ್ತನೆಯ ಕೊರಳಪಟ್ಟಿ ಬೇಕು. ಅದರ ಬಳೆಯೊಳಗೆ ಉದ್ದನೆಯ ಬಟ್ಟೆಯ ಪಟ್ಟಿಯೊಂದನ್ನು ತೂರಿಸಿ ಎರಡೂ ತುದಿಗಳನ್ನು ಒಂದೇ ಕೈಯಲ್ಲಿ ಹಿಡಿದರೆ, ಒಂದು ತುದಿಯನ್ನು ಬಿಟ್ಟ ಕೂಡಲೇ ನಾಯಿ ಸ್ವತಂತ್ರವಾಗುತ್ತದೆ. ಇನ್ನೊಬ್ಬರು ಬಟ್ಟೆಯನ್ನು ಎಳೆಯುವಾಗ ಮರಿ ಎಳೆದಾಡುತ್ತದೆ, ಕುಂಯ್‌ಗುಡುತ್ತದೆ, ಮೈಯೆಲ್ಲ ನಡುಗುತ್ತದೆ. ಸುಮ್ಮನಿರಿ. ಅದು ಒಂದು ಕ್ಷಣ ಗುರಿಯನ್ನು ಬಿಟ್ಟು ನಿಮ್ಮ ಮುಖದತ್ತ ನೋಡಿದಾಗ, ಆ ಕ್ಷಣಕ್ಕೇ ಬಿಡಿ. ಕೆಲವು ದಿನಗಳಲ್ಲಿ ನಾಲ್ಕು ಕಾಲೂ ಊರಿ ನಿಂತು ಮುಖ ನೋಡುವುದೇ ಓಟದ ಬಾಗಿಲೆಂದು ಅದಕ್ಕೆ ತಿಳಿಯುತ್ತದೆ. ಮೂರಕ್ಕೊಮ್ಮೆಯಾದರೂ ಬಿಡದೆ, ತಿನಿಸು ಕೊಟ್ಟು ಹಿಂದಕ್ಕೆ ಕರೆದೊಯ್ಯಬೇಕು. ಈ ಹಂತಕ್ಕೆ ಎರಡು ತಿಂಗಳು ಹಿಡಿದರೂ ಅವಸರ ಮಾಡಬಾರದು.

ನೇರ ಓಟ

ಎಲುಬಿನ ತುದಿಗಳು ಬೆಳೆದು ಗಟ್ಟಿಯಾಗುವುದು ಒಂದು ವರ್ಷದಿಂದ ಒಂದೂವರೆ ವರ್ಷದೊಳಗೆ. ಇದನ್ನು ಕಡೆಗಣಿಸಿ ನಾನೇ ತಪ್ಪು ಮಾಡಿದ್ದೇನೆ. ಎಂಟು ತಿಂಗಳ ಹೆಣ್ಣುಮರಿಯೊಂದನ್ನು, ಚುರುಕಾಗಿದೆಯೆಂಬ ಹೆಮ್ಮೆಯಿಂದ, ಕಡಲೆ ಕಿತ್ತ ಎರೆ ಹೊಲದಲ್ಲಿ ಬೆಳೆದ ನಾಯಿಯ ಜೊತೆ ಬಿಟ್ಟೆ. ಒಣಗಿದ ಎರೆಮಣ್ಣಿನ ಬಿರುಕಿನಲ್ಲಿ ಅದರ ಮುಂಗಾಲು ಸಿಕ್ಕಿಕೊಂಡಿತು. ಆರು ವಾರ ಕಟ್ಟಿಹಾಕಿ ಆರೈಕೆ ಮಾಡಿದೆ, ಊತ ಇಳಿಯಿತು. ಆದರೆ ಬಲಕ್ಕೆ ತಿರುಗುವಾಗ ಕಾಲು ತಡೆಯುವುದು ಅದರ ಕೊನೆಯವರೆಗೂ ಉಳಿಯಿತು.

ಆದ್ದರಿಂದ ವರ್ಷ ತುಂಬಿದ ಮೇಲೆ ಮಾತ್ರ ಪೂರ್ಣ ವೇಗದ ಓಟ, ಅದೂ ಒಂಟಿಯಾಗಿ, ನೇರ ಗೆರೆಯಲ್ಲಿ. ಸೈಕಲ್ಲೊಂದನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಗಾಲಿಯ ಟೈರು ಟ್ಯೂಬು ತೆಗೆದು, ಬರಿಯ ರಿಮ್ಮಿಗೆ ನೂರು ಮೀಟರ್ ಗಟ್ಟಿ ದಾರದ ತುದಿ ಕಟ್ಟಿ, ಕೈಯಿಂದ ಪೆಡಲ್ ತಿರುಗಿಸಿದರೆ ದಾರ ಸುತ್ತಿಕೊಳ್ಳುತ್ತ ಬಟ್ಟೆ ನಾಯಿಯನ್ನು ಮೀರಿಸುವ ವೇಗದಲ್ಲಿ ಓಡುತ್ತದೆ. ದಾರವನ್ನು ಯಾರೂ ಕೈಗೆ ಸುತ್ತಿಕೊಳ್ಳಬಾರದು, ಬೆರಳು ಕತ್ತರಿಸುತ್ತದೆ. ನಾಯಿ ಗಾಲಿಗೆ ಬಂದು ಬಡಿಯದಂತೆ ಮೂವತ್ತು ಮೀಟರ್ ಮೊದಲೇ ಪೆಡಲ್ ನಿಲ್ಲಿಸಿ ಗುರಿಯನ್ನು ಅದಕ್ಕೆ ಒಪ್ಪಿಸಬೇಕು. ಆಗ ಸೀಟಿ ಊದಿ, ಬಂದಾಗ ಈಲಿಯ ಚೂರು ಕೊಟ್ಟು ಬಟ್ಟೆಯನ್ನು ಬಿಡಿಸಿಕೊಳ್ಳಬೇಕು. ಒಂದು ಬೆಳಿಗ್ಗೆಗೆ ಎರಡು ಓಟ, ವಾರಕ್ಕೆ ಎರಡು ದಿನ ಸಾಕು. ತಿರುವು ಇರುವ ಓಟ ಒಂದೂವರೆ ವರ್ಷದ ನಂತರ.

ನೆಲವನ್ನು ಮೊದಲು ನೀವೇ ನಡೆದು ನೋಡಬೇಕು. ಜೋಳದ ಕೂಳೆ ಅಂಗಾಲನ್ನು ಸೀಳುತ್ತದೆ, ಮುಳ್ಳುತಂತಿ ಈ ನಾಯಿಯ ತೆಳುಚರ್ಮವನ್ನು ಬಟ್ಟೆಯಂತೆ ಹರಿಯುತ್ತದೆ. ಗಾಯವಾಗಿ ಶಸ್ತ್ರಚಿಕಿತ್ಸೆ ಬೇಕಾದರೆ, ಮೈಯಲ್ಲಿ ಕೊಬ್ಬು ಕಡಿಮೆಯಿರುವ ಇಂಥ ತಳಿಗಳಿಗೆ ಕೆಲವು ಅರಿವಳಿಕೆ ಮದ್ದುಗಳ ಪರಿಣಾಮ ಇಳಿಯಲು ಹೆಚ್ಚು ಹೊತ್ತು ಬೇಕಾಗುತ್ತದೆಂಬುದನ್ನು ವೈದ್ಯರಿಗೆ ನೆನಪಿಸಬೇಕು. ತಳಿಯ ಬಗ್ಗೆ ಹೆಚ್ಚಿನ ಸಲಹೆ ಬೇಕಾದವರು ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವನ್ನು ಕೇಳಬಹುದು.

ಬಿಸಿಲು ಏರಿದ ಮೇಲೆ ಓಡಿಸಲೇಬಾರದು. ನಾಯಿಯ ಸಹಜ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಅದು 41 ದಾಟಿದರೆ ಜೀವಕ್ಕೆ ಅಪಾಯ. ನಾಲಿಗೆ ಅಗಲವಾಗಿ ಜೋತು, ವಸಡು ಕಡುಗೆಂಪಾಗಿ, ಹೆಜ್ಜೆ ತೂರಾಡಿದರೆ ಕೂಡಲೇ ನೆರಳಿಗೆ ತಂದು, ಹೊಟ್ಟೆ ತೊಡೆಗಳಿಗೆ ನೀರು ಸುರಿದು ಗಾಳಿ ಹಾಕುತ್ತ ವೈದ್ಯರ ಬಳಿ ಕರೆದೊಯ್ಯಬೇಕು. ಎಲ್ಲವೂ ಸರಿಯಿದ್ದ ದಿನವೂ ಓಟದ ನಂತರ ಹತ್ತು ನಿಮಿಷ ನಿಧಾನವಾಗಿ ನಡೆಸಿ, ನೀರನ್ನು ಸ್ವಲ್ಪ ಸ್ವಲ್ಪವೇ ಕುಡಿಸಿ, ಬೆರಳುಗಳ ಸಂದನ್ನು ಬಿಡಿಸಿ ಮುಳ್ಳು, ಉಣ್ಣಿ ಇವೆಯೇ ಎಂದು ಒಂದೊಂದು ಪಾದವನ್ನೂ ಕೈಯಲ್ಲಿ ಹಿಡಿದು ನೋಡಬೇಕು. ಊಟ ಬಡಿಸುವುದು ಉಸಿರಾಟ ಪೂರ್ತಿ ತಣಿದು ಒಂದು ಗಂಟೆಯಾದ ಮೇಲೆ.